ಓದಿನ ಮುಯ್ಯಾಳು

ನಮ್ಮಪ್ಪ ಮುತ್ತಣ್ಣ ಗಜೇಂದ್ರಗಡದ ಮಾರ್ಕೆಟ್ಟಿನಲ್ಲಿ ರೈತರ ಕಾಳು ಮಾರಿಸಿಕೊಡುವ ಅಡತಿ ಅಂಗಡಿ ಇಟ್ಟುಕೊಂಡವರು. ಬೈಯುವುದು ಕಡಿಮೆ, ಹೇಳಿದ್ದನ್ನು ಮಾಡುವುದು ಜಾಸ್ತಿ. ನಾನು ಎರಡು ಸಲ ಕೆಎಎಸ್ ಪ್ರಿಲಿಮ್ಸ್ ಬರೆದು ಎರಡು ಸಲವೂ ಬಿದ್ದೆ. ಅಪ್ಪ ಊಟಕ್ಕೆ ಕೂತಾಗ ರೊಟ್ಟಿ ಮುರಿಯುತ್ತ ಒಂದೇ ಮಾತು ಹೇಳಿದರು: "ಇನ್ನೊಂದು ಸಲ ಬರಿ. ಆಗಲಿಲ್ಲಂದ್ರ ನರಗುಂದದವರಿಗೆ ಹ್ಞೂಂ ಅಂದುಬಿಡ್ತೀನಿ."

ನರಗುಂದದವರದು ಹತ್ತಿ ವ್ಯಾಪಾರದ ಮನೆತನ. ಹುಡುಗನ ಫೋಟೊ ನೋಡಿದ್ದೆ, ಕೆಟ್ಟವನೇನಲ್ಲ. ಆದರೆ ಒಂದು ಅಂಗಡಿಯ ತೂಕದ ಕಾಟಾ ನೋಡುತ್ತ ಬೆಳೆದವಳು ಇನ್ನೊಂದು ಅಂಗಡಿಯ ಕಾಟಾ ನೋಡುತ್ತ ಮುದುಕಿಯಾಗುವುದು ನನಗೆ ಬೇಕಿರಲಿಲ್ಲ. ಈ ಸಲ ಪಾಸಾಗಲೇಬೇಕಿತ್ತು.

ನಾನು ದಡ್ಡಿಯಲ್ಲ. ಧಾರವಾಡದಲ್ಲಿ ಆರು ತಿಂಗಳು ಕೋಚಿಂಗಿಗೆ ಹೋಗಿದ್ದೆ. ಅಲ್ಲಿಂದ ಒಂದು ಚೀಲ ನೋಟ್ಸು ತಂದಿದ್ದೆ, ಜೊತೆಗೆ ಮೂರು ಬಣ್ಣದ ಪೆನ್ನಿನಲ್ಲಿ ಬರೆಯುವ ಚಟವನ್ನೂ ತಂದಿದ್ದೆ. ತಲೆಬರಹ ಕೆಂಪು, ಇಸವಿ ಹಸಿರು, ಉಳಿದದ್ದು ನೀಲಿ. ನನ್ನ ನೋಟ್‌ಬುಕ್ಕು ನೋಡಿದವರೆಲ್ಲ ಇವಳು ಪಾಸಾಗದೆ ಇನ್ಯಾರು ಆಗುತ್ತಾರೆ ಅನ್ನುತ್ತಿದ್ದರು. ಪರೀಕ್ಷೆಯ ದಿನ ಯಾರೂ ನೋಟ್‌ಬುಕ್ಕು ತೋರಿಸು ಅನ್ನುವುದಿಲ್ಲ ಎಂಬ ಸಣ್ಣ ಸಂಗತಿ ಎರಡು ಸಲ ಬಿದ್ದರೂ ನನ್ನ ತಲೆಗೆ ಹೋಗಿರಲಿಲ್ಲ.

ಜೂನ್ ತಿಂಗಳಲ್ಲಿ ಗಜೇಂದ್ರಗಡದ ಲೈಬ್ರರಿಯಲ್ಲಿ ಅನಿತಾ ಸಿಕ್ಕಳು. ಡಿಗ್ರಿಯಲ್ಲಿ ನನ್ನ ಕ್ಲಾಸಿನವಳು, ಲಕ್ಕಲಕಟ್ಟಿಯ ಹುಡುಗಿ. ಅವಳ ತಂದೆ ಹೊಳಿಯಪ್ಪ, ತಮ್ಮ ದ್ಯಾಮೇಶ ಇಬ್ಬರೂ ಮಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕಿದ್ದರು. ತಾಯಿ ದೇವವ್ವ ಊರಲ್ಲೇ ಇದ್ದು ಹೊಲದ ಕೂಲಿಗೆ ಹೋಗುತ್ತಿದ್ದಳು. ಲಕ್ಕಲಕಟ್ಟಿಯಲ್ಲಿ ನಮ್ಮದೂ ಹೊಲ ಇದೆ, ದೇವವ್ವ ನಮ್ಮ ಹೊಲಕ್ಕೇ ಹೆಚ್ಚು ಬರುತ್ತಿದ್ದಳು. ಅನಿತಾ ಎರಡು ವರ್ಷ ಖಾಸಗಿ ಸಾಲೆಯೊಂದರಲ್ಲಿ ಮಕ್ಕಳಿಗೆ ಪಾಠ ಹೇಳಿ, ಅದನ್ನು ಬಿಟ್ಟು ಇದೇ ಮೊದಲ ಸಲ ಕೆಎಎಸ್‌ಗೆ ಅರ್ಜಿ ಹಾಕಿದ್ದಳು. ಪರೀಕ್ಷೆ ಇದ್ದದ್ದು ನವೆಂಬರಿನಲ್ಲಿ. ಸಿಲೆಬಸ್ಸು ನೋಡಿದರೆ ಇಬ್ಬರಿಗೂ ಎದೆ ಝಲ್ ಅನ್ನುತ್ತಿತ್ತು. ಇತಿಹಾಸ, ಭೂಗೋಳ, ಸಂವಿಧಾನ, ಅರ್ಥಶಾಸ್ತ್ರ, ವಿಜ್ಞಾನ, ಪರಿಸರ, ರಾಜ್ಯದ ವಿಷಯ, ಎಲ್ಲವೂ ಐದೇ ತಿಂಗಳಲ್ಲಿ ಆಗಬೇಕು.

ಆಗ ನನಗೊಂದು ಉಪಾಯ ಹೊಳೆಯಿತು. ನಮ್ಮ ಕಡೆ ಹೆಸರಿನ ಕಾಯಿ ಒಮ್ಮೆಗೇ ಹಣ್ಣಾಗುತ್ತದೆ. ಆ ವಾರದಲ್ಲಿ ಬಿಡಿಸದಿದ್ದರೆ, ಮೇಲೊಂದು ಮಳೆ ಬಿದ್ದರೆ, ಕಾಳು ಗಿಡದಲ್ಲೇ ಮೊಳಕೆ ಒಡೆಯುತ್ತದೆ. ಅದಕ್ಕೆ ರೈತರು ಮುಯ್ಯಾಳು ಮಾಡಿಕೊಳ್ಳುತ್ತಾರೆ. ಇವತ್ತು ನಿಮ್ಮ ಮನೆಯವರೆಲ್ಲ ನಮ್ಮ ಹೊಲಕ್ಕೆ, ನಾಳೆ ನಮ್ಮ ಮನೆಯವರೆಲ್ಲ ನಿಮ್ಮ ಹೊಲಕ್ಕೆ. ಪಗಾರದ ಮಾತಿಲ್ಲ, ಆಳಿಗೆ ಆಳು. ನಾನು ಅನಿತಾಗೆ ಓದಿನಲ್ಲೂ ಹೀಗೇ ಮಾಡೋಣ ಅಂದೆ. ಅರ್ಧ ಸಿಲೆಬಸ್ಸು ನೀನು ಓದಿ ನೋಟ್ಸು ಮಾಡು, ಅರ್ಧ ನಾನು ಮಾಡುತ್ತೇನೆ, ಆಮೇಲೆ ಅದಲು ಬದಲು.

ಅನಿತಾ ನಕ್ಕಳು. "ನಮ್ಮ ಮನಿಯವರ ಕೂಡ ಇಲ್ಲೀತನಕ ಯಾರೂ ಮುಯ್ಯಾಳು ಮಾಡಿಲ್ಲ ನೋಡು. ಹೊಲ ಇದ್ದವರಿಗೆ ಮುಯ್ಯಾಳು, ಇಲ್ಲದವರಿಗೆ ಕೂಲಿ."

ಅದನ್ನು ಅವಳು ಬಸ್ಸಿನ ಟೈಮು ಹೇಳಿದಷ್ಟೇ ಸಲೀಸಾಗಿ ಹೇಳಿದಳು. ಸಿಲೆಬಸ್ಸಿನ ಹೊಲ ಇಬ್ಬರಿಗೂ ಒಂದೇ ಅಳತೆಯದಲ್ಲವೇ ಎಂದು ನಾನು ಅವಳ ಕೈಗೆ ಕೈ ಹಾಕಿದೆ. ಆ ದಿನ ಮನೆಗೆ ಬರುವಾಗ ನಾನು ಭಾಳ ದೊಡ್ಡ ಮನಸ್ಸಿನವಳು ಅಂತ ನನಗೇ ಅನ್ನಿಸಿತ್ತು, ಅದನ್ನು ಮುಚ್ಚಿಡುವುದಿಲ್ಲ.

ಇತಿಹಾಸ, ಭೂಗೋಳ, ರಾಜ್ಯದ ವಿಷಯ ಅವಳ ಪಾಲಿಗೆ ಹೋದವು. ಸಂವಿಧಾನ, ಅರ್ಥಶಾಸ್ತ್ರ, ವಿಜ್ಞಾನ ಮತ್ತು ಪರಿಸರ ನನ್ನ ಪಾಲಿಗೆ ಬಂದವು. ಪ್ರತಿ ಆದಿತ್ಯವಾರ ಲೈಬ್ರರಿಯ ಬಾಗಿಲಲ್ಲಿ ನಿಂತು ನೋಟ್‌ಬುಕ್ಕು ಕೊಟ್ಟು ನೋಟ್‌ಬುಕ್ಕು ತೆಗೆದುಕೊಳ್ಳುತ್ತಿದ್ದೆವು. ಪುಟ ಲೆಕ್ಕ ಮಾಡಿಯೇ ಕೊಡುತ್ತಿದ್ದೆ, ಎಷ್ಟಾದರೂ ಅಡತಿ ಅಂಗಡಿಯವರ ಮಗಳು. ಅವಳದ್ದು ಒಂದೇ ಬಣ್ಣದ ಇಂಕು, ಕೋಳಿ ಕೆದರಿದಂಥ ಅಕ್ಷರ. ನನ್ನದು ಮೂರು ಬಣ್ಣ. ಈ ಅದಲು ಬದಲಿನಲ್ಲಿ ಲಾಭ ಅವಳಿಗೇ ಅಂತ ನನಗೆ ಒಳಗೊಳಗೇ ಅನ್ನಿಸುತ್ತಿತ್ತು.

ಆಗಸ್ಟ್ ಮೊದಲ ವಾರ ಲಕ್ಕಲಕಟ್ಟಿಯ ಅವಳ ಮನೆಯಲ್ಲೇ ಕೂತು ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿದೆವು. ಮೊಬೈಲಿನಲ್ಲಿ ಎರಡು ತಾಸಿನ ಅಲಾರಾಮು ಇಟ್ಟಿದ್ದೆವು. ತಿದ್ದಿ ನೋಡಿದರೆ ಇಬ್ಬರ ಮುಖವೂ ಸಣ್ಣದಾಯಿತು. ನನ್ನ ಪಾಲಿನ ವಿಷಯದಲ್ಲಿ ನಾನು ಪರವಾಗಿಲ್ಲ, ಅವಳ ಪಾಲಿನ ಇತಿಹಾಸದಲ್ಲಿ ಇಪ್ಪತ್ತಕ್ಕೆ ನಾಲ್ಕು. ಅವಳದ್ದೂ ಅದೇ ಕಥೆ, ಸಂವಿಧಾನದಲ್ಲಿ ಮಕಾಡೆ ಮಲಗಿದ್ದಳು. ತಪ್ಪು ಉತ್ತರಕ್ಕೆ ಕಾಲು ಪಾಲು ಅಂಕ ಕಡಿತ ಬೇರೆ. ನಿನ್ನ ಅಕ್ಷರ ತಿಳಿಯುವುದಿಲ್ಲ ಅಂತ ನಾನು, ನಿನ್ನ ನೋಟ್ಸಿನಲ್ಲಿ ಬಣ್ಣ ಇದೆ ವಿಷಯ ಇಲ್ಲ ಅಂತ ಅವಳು, ಮಾತಿಗೆ ಮಾತು ಬೆಳೆಯಿತು.

ದೇವವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಜಗಳ ಯಾಕೆ ಅಂತ ಕೇಳಿದಳು. ಅನಿತಾ ನಮ್ಮ ಮುಯ್ಯಾಳಿನ ಕಥೆಯನ್ನೆಲ್ಲ ಹೇಳಿದಳು. ದೇವವ್ವ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ಹಿಟ್ಟಿನ ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದಳು.

"ಮುಯ್ಯಾಳಿಗೆ ಮೈ ಹೋಗಬೇಕ್ರಿ ಅವ್ವಾರ. ನೀವಿಬ್ರೂ ಬರೇ ಕುರ್ಪಿ ಕಳಿಸೀರಿ. ಕುರ್ಪಿ ಒಂದ ಹೋದ್ರ ಹೊಲದಾಗಿನ ಕಳೆ ಹೋಗ್ತೈತೇನು?"

ಹೌದಲ್ಲ ಅನ್ನಿಸಿತು. ಆರು ತಿಂಗಳ ಕೋಚಿಂಗಿನಲ್ಲಿ ಯಾರೂ ಹೇಳದ ಮಾತದು. ಅವತ್ತಿನಿಂದ ನೋಟ್‌ಬುಕ್ಕು ಕೊಡುವುದು ಬಂದ್ ಆಯಿತು. ಪ್ರತಿ ಆದಿತ್ಯವಾರ ಎಂಟು ಗಂಟೆ ಬಸ್ಸಿಗೆ ನಾನು ಲಕ್ಕಲಕಟ್ಟಿಗೆ ಹೋಗತೊಡಗಿದೆ. ಎದುರಾ ಬದುರಾ ಕೂಡಬೇಕು. ಓದಿದವಳು ಪುಸ್ತಕ ಮುಚ್ಚಿಟ್ಟು ಬಾಯಿಯಿಂದಲೇ ಹೇಳಬೇಕು, ಕೇಳುವವಳು ಪ್ರತಿ ಮಾತಿಗೂ ಯಾಕೆ ಅಂತ ಕೇಳಬೇಕು. ರಾಷ್ಟ್ರಪತಿ ಸುಗ್ರೀವಾಜ್ಞೆ ಹೊರಡಿಸುತ್ತಾರೆ ಅಂದರೆ ಯಾಕೆ? ಸಂಸತ್ತು ನಡೆಯದ ಹೊತ್ತಿಗೆ ಅಂದರೆ, ಅದಕ್ಕೆ ಆರು ವಾರದ ಗಡುವು ಯಾಕೆ? ಮೂರನೆಯ ಯಾಕೆಗೆ ನಾನು ಬೆವರುತ್ತಿದ್ದೆ. ಉತ್ತರ ಗೊತ್ತಿಲ್ಲದಿದ್ದರೆ ವಾರವೆಲ್ಲ ಹುಡುಕಿ ಮುಂದಿನ ಆದಿತ್ಯವಾರ ಹೇಳಬೇಕು. ಹಾಗೆ ಹುಡುಕಿ ಹೇಳಿದ್ದು ಒಂದೂ ಮರೆಯಲಿಲ್ಲ. ಮೂರು ಬಣ್ಣದಲ್ಲಿ ಬರೆದಿದ್ದೆಲ್ಲ ಪುಸ್ತಕದ ಬದನೆಕಾಯಿ ಆಗಿತ್ತೆಂದು ಆಗ ಗೊತ್ತಾಯಿತು. ಅನಿತಾ ಇತಿಹಾಸ ಹೇಳುವಾಗ ಎಷ್ಟು ಚಲೋ ಹೇಳುತ್ತಿದ್ದಳೆಂದರೆ ನಾನು ಯಾಕೆ ಅನ್ನುವುದನ್ನೇ ಮರೆತು ಕೂಡುತ್ತಿದ್ದೆ.

ಸೆಪ್ಟೆಂಬರ್ ಕೊನೆಗೆ ಇನ್ನೊಂದು ಹಳೆಯ ಪತ್ರಿಕೆ ಬಿಡಿಸಿದೆವು. ಇಬ್ಬರ ಅಂಕವೂ ಏರಿತ್ತು. ಆದರೆ ಅವಳದ್ದು ನನಗಿಂತ ಹನ್ನೊಂದು ಅಂಕ ಮೇಲಿತ್ತು. ಎರಡು ಸಲ ಬರೆದವಳು ನಾನು, ಮೊದಲ ಸಲ ಬರೆಯುವವಳು ಅವಳು. ನಾನು ಮೇಲೆ ನಕ್ಕೆ, ಒಳಗೆ ಬೆಂಕಿ ಬಿತ್ತು.

ರಾತ್ರಿ ಊಟದಲ್ಲಿ ಅಪ್ಪ ಓದು ಹೇಗೆ ನಡೆದಿದೆ ಅಂತ ಕೇಳಿದರು. ಹೇಳಿದೆ. ಅವರು ಚೇಷ್ಟೆಗೆ, "ನಾಳೆ ದೇವವ್ವನ ಮಗಳು ತಹಸೀಲ್ದಾರ ಆಗಿ ಬಂದ್ರ ನಾ ಹೊಲದ ಉತಾರಕ್ಕ ಅಕಿ ಮುಂದ ಪಾಳಿ ಹಚ್ಚಬೇಕಲ್ಲ," ಅಂದರು. ಅವರಿಗೆ ಅದು ನಗುವ ಮಾತು. ನಾನು ಅರ್ಧ ರೊಟ್ಟಿ ತಾಟಿನಲ್ಲೇ ಬಿಟ್ಟು ಎದ್ದೆ.

ನನ್ನ ಪಾಲಿನಲ್ಲಿ ಇನ್ನು ಉಳಿದದ್ದು ವಿಜ್ಞಾನ ಮತ್ತು ಪರಿಸರ. ಎರಡನೆಯ ಪತ್ರಿಕೆಯಲ್ಲಿ ಅದರ ಮೇಲೆ ಸುಮಾರು ಮೂವತ್ತು ಪ್ರಶ್ನೆ ಬರುತ್ತವೆ. ಧಾರವಾಡದಿಂದ ತಂದ ನೋಟ್ಸಿನಲ್ಲೆಲ್ಲ ಅದೇ ಒಳ್ಳೆಯದು, ಅದನ್ನು ಇನ್ನೂರು ಪುಟದ ನೋಟ್‌ಬುಕ್ಕಿಗೆ ಚಂದಾಗಿ ಇಳಿಸಿಟ್ಟಿದ್ದೆ. ಆ ನೋಟ್‌ಬುಕ್ಕನ್ನು ನಾನು ಟ್ರೇಜರಿ ಕಪಾಟಿನಲ್ಲಿ ಸೀರೆಗಳ ಕೆಳಗೆ ಇಟ್ಟು ಕೀಲಿ ಹಾಕಿದೆ. ಯಾರೂ ಕದಿಯಲು ಬರುತ್ತಿರಲಿಲ್ಲ. ಆದರೂ ಕೀಲಿ ಹಾಕಿದೆ.

ಅಕ್ಟೋಬರಿನಲ್ಲಿ ಅನಿತಾ, ವಿಜ್ಞಾನ ಯಾವಾಗ ಶುರು ಮಾಡೋಣ ಅಂತ ಕೇಳಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡವನ ಹಾಗೆ ನಾನು ಗಡಿಬಿಡಿಯಾಗಿ, ಇನ್ನೂ ಬರೆದಿಲ್ಲ, ಅದು ಸಾಲೆಯಲ್ಲಿ ಓದಿದ್ದೇ ಇರುತ್ತದೆ, ಮುಂದಿನ ವಾರ ನೋಡೋಣ ಅಂದೆ. ಮುಂದಿನ ವಾರವೂ ಹಾಗೇ ಏನೋ ಹೇಳಿದೆ. ಮೂರನೆಯ ವಾರ ಅವಳು ಕೇಳಲಿಲ್ಲ. ನನಗೆ ಹಾಯೆನಿಸಿತು. ಅವಳು ಮಾತ್ರ ಕರ್ನಾಟಕದ ನದಿ, ಅಣೆಕಟ್ಟು, ಯೋಜನೆ ಅಂತ ತನ್ನ ಪಾಲಿನ ಒಂದು ಸಾಲನ್ನೂ ಬಿಡದೆ ನನಗೆ ಹೇಳಿಕೊಟ್ಟಳು. ಕೇಳುವಾಗ ನನಗೆ ನಾಚಿಕೆಯಾಗುತ್ತಿತ್ತು. ಆದರೂ ಕೇಳುವುದನ್ನು ಬಿಡಲಿಲ್ಲ, ಟ್ರೇಜರಿಯ ಕೀಲಿಯನ್ನೂ ತೆಗೆಯಲಿಲ್ಲ. ಅಕ್ಕಿ ಮೇಲೂ ಆಸೆ, ನೆಂಟರ ಮೇಲೂ ಪ್ರೀತಿ.

ನವೆಂಬರಿನಲ್ಲಿ ಗದಗದಲ್ಲಿ ಪರೀಕ್ಷೆ ಬರೆದೆವು. ಇಬ್ಬರೂ ಒಂದೇ ಬಸ್ಸಿನಲ್ಲಿ ಹೋದೆವು, ಒಂದೇ ಬಸ್ಸಿನಲ್ಲಿ ತಿರುಗಿ ಬಂದೆವು. ಬೆಳಗಿನ ಪತ್ರಿಕೆ ಸರಾಗವಾಗಿತ್ತು. ಮಧ್ಯಾಹ್ನದ್ದರಲ್ಲಿ ವಿಜ್ಞಾನದ ಪ್ರಶ್ನೆಗಳು ಬಂದಾಗ ನಾನು ಖುಷಿಪಟ್ಟೆ. ಒಂದೊಂದು ಪ್ರಶ್ನೆಗೂ ನನ್ನ ನೋಟ್‌ಬುಕ್ಕಿನ ಪುಟ ಕಣ್ಣ ಮುಂದೆ ಬರುತ್ತಿತ್ತು. ಯಾವ ಪುಟ, ಎಡಕ್ಕೋ ಬಲಕ್ಕೋ, ಯಾವ ಬಣ್ಣ, ಎಲ್ಲ ಕಾಣುತ್ತಿತ್ತು. ಅಲ್ಲಿ ಬರೆದದ್ದೇನು ಅನ್ನುವುದು ಮಾತ್ರ ಕಾಣುತ್ತಿರಲಿಲ್ಲ. ಆದರೂ ಧೈರ್ಯ ಮಾಡಿ ಉತ್ತರಪತ್ರಿಕೆಯಲ್ಲಿ ಎಲ್ಲ ಪ್ರಶ್ನೆಗೂ ಗುಂಡು ತುಂಬಿ ಬಂದೆ.

ಸರಿಯುತ್ತರಗಳು ಬಂದ ದಿನ ಒಬ್ಬಳೇ ಕೂತು ತಿದ್ದಿದೆ. ಅನಿತಾ ಹೇಳಿಕೊಟ್ಟದ್ದರಲ್ಲಿ ನನಗೆ ಹೆಚ್ಚೂಕಡಿಮೆ ಎಲ್ಲ ಸರಿ. ನಾನು ಅವಳಿಗೆ ಹೇಳಿಕೊಟ್ಟ ಸಂವಿಧಾನ, ಅರ್ಥಶಾಸ್ತ್ರ ಕೂಡ ಸರಿ. ವಿಜ್ಞಾನ, ಪರಿಸರ ಸೇರಿ ಮೂವತ್ತರಲ್ಲಿ ಏಳು. ಉಳಿದ ಇಪ್ಪತ್ಮೂರು ತಪ್ಪು ತಮ್ಮ ಜೊತೆಗೆ ಬೇರೆ ಅಂಕಗಳನ್ನೂ ಎಳೆದುಕೊಂಡು ಹೋಗಿದ್ದವು. ಬೇಳೆಕಾಳಿನ ಗಿಡದ ಬೇರಿನ ಗಂಟುಗಳು ಗಾಳಿಯಿಂದ ಏನನ್ನು ಹಿಡಿಯುತ್ತವೆ ಅನ್ನುವುದಕ್ಕೂ ನಾನು ತಪ್ಪು ಗುಂಡು ತುಂಬಿದ್ದೆ. ಮೂರು ತಲೆಮಾರಿನಿಂದ ಹೆಸರು, ಕಡಲೆ ಮಾರಿ ಬದುಕಿದ ಮನೆಯವಳು ನಾನು.

ಜನವರಿಯಲ್ಲಿ ಫಲಿತಾಂಶ ಬಂತು. ಅನಿತಾಳ ನಂಬರ್ ಇತ್ತು, ನನ್ನದಿರಲಿಲ್ಲ. ಅವಳು ಫೋನು ಮಾಡಿದಾಗ ಚಲೋ ಆತು ಅಂದೆ. ಅವಳು ಅಳುತ್ತಿದ್ದಳು, ನಾನು ಪಾಸಾಗಲಿಲ್ಲವೆಂದು. ನನಗೆ ಅಲ್ಲೇ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅವಳ ಪಾಲಿನ ವಿಷಯವನ್ನೆಲ್ಲ ಉಂಡು ನನ್ನ ಪಾಲನ್ನು ಮುಚ್ಚಿಟ್ಟವಳು ನಾನು, ಅಳುವವಳು ಅವಳು.

ಅಪ್ಪ ಸಂಜೆ ಅಂಗಡಿಯಿಂದ ಬಂದು, ನರಗುಂದದವರು ಆದಿತ್ಯವಾರ ಬರುತ್ತಾರೆ ಅಂತ ಅವ್ವನಿಗೆ ಹೇಳಿದರು. ಕೊಟ್ಟ ಮಾತಿನ ಪ್ರಕಾರ ಅದು ಸರಿಯೇ. ನಾನು ಆದಿತ್ಯವಾರ ಆಗುವುದಿಲ್ಲ, ನನ್ನದೊಂದು ಮುಯ್ಯಾಳು ಬಾಕಿ ಇದೆ ಅಂದೆ. ಯಾರದು ಅಂದರು. ದೇವವ್ವನ ಮನೆಯದು ಅಂದೆ. ಅವರಿಗೆ ಹೊಲ ಎಲ್ಲಿದೆ ಅಂತ ಅಪ್ಪ ನಕ್ಕರು. ಆಮೇಲೆ ನಾನು ಎಲ್ಲ ಹೇಳಿದೆ. ಹನ್ನೊಂದು ಅಂಕ, ಟ್ರೇಜರಿ, ಮುಂದಿನ ವಾರ ಮುಂದಿನ ವಾರ ಅಂದ ಸುಳ್ಳು, ಒಂದನ್ನೂ ಬಿಡಲಿಲ್ಲ. ಅವರ ಉತಾರದ ಚೇಷ್ಟೆಯನ್ನೂ ಹೇಳಿದೆ. ಅಪ್ಪ ನಗುವುದನ್ನು ನಿಲ್ಲಿಸಿ, ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

"ತೂಕದಾಗ ಮೋಸ ಮಾಡಿ ಬಂದೀದಿ," ಅಂದರು. "ಮೊದಲ ಅದನ್ನ ಭರ್ತಿ ಮಾಡು. ಅಕಿ ದೊಡ್ಡ ಪರೀಕ್ಷೆ ಮುಗಿಯೂತನಕ ನರಗುಂದದವರಿಗೆ ನಾ ಹೇಳ್ತೀನಿ. ಇದು ನಿನಗ ಕೊಟ್ಟ ವಾಯಿದೆ ಅಲ್ಲ, ಅಕಿಗೆ ಕೊಟ್ಟದ್ದು."

ಆದಿತ್ಯವಾರ ಬೆಳಿಗ್ಗೆ ನೋಟ್‌ಬುಕ್ಕು ಚೀಲದಲ್ಲಿ ಹಾಕಿಕೊಂಡು ಎಂಟು ಗಂಟೆ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋದೆ. ಅನಿತಾ ಬಾಗಿಲಲ್ಲೇ ಸಿಕ್ಕಳು. ಜೋಡಿಸಿಟ್ಟ ಮಾತೆಲ್ಲ ಹಾರಿಹೋಗಿ, ನೋಟ್‌ಬುಕ್ಕು ಅವಳ ಕೈಗೆ ಕೊಟ್ಟು, ಇದು ಜೂನ್ ತಿಂಗಳಿಂದಲೂ ನನ್ನ ಹತ್ತಿರ ಇತ್ತು, ಬೇಕಂತಲೇ ಮುಚ್ಚಿಟ್ಟಿದ್ದೆ ಅಂದುಬಿಟ್ಟೆ. ಅವಳು ಬೈಯಲಿ ಅಂತ ಕಾಯುತ್ತ ನಿಂತೆ. ಬೈದಿದ್ದರೆ ಹಗುರವಾಗುತ್ತಿತ್ತು.

ಅನಿತಾ ಪುಟ ತಿರುವಿ ನೋಡಿದಳು. ಅವಳ ಮುಖದಲ್ಲಿ ಸಿಟ್ಟು ಬರಲಿಲ್ಲ, ಆಶ್ಚರ್ಯ ಬಂತು.

"ನಿನಗ ವಿಜ್ಞಾನ ಬರಂಗಿಲ್ಲ ಅಂತ ತಿಳದಿದ್ದೆ," ಅಂದಳು. "ಮತ್ತ ಮತ್ತ ಕೇಳಿದ್ರ ನಿನಗ ನಾಚಿಕಿ ಆದೀತು ಅಂತ ಕೇಳೂದು ಬಿಟ್ಟೆ."

ಅವಳು ತಿಳಿದದ್ದು ಖರೇನೇ ಆಗಿತ್ತು.

ಹಾಗಾದರೆ ನೀನು ಯಾರ ಜೊತೆ ಓದಿದೆ ಅಂತ ಕೇಳಿದೆ. ಊರ ಸಾಲೆಯಿಂದ ಎಂಟರಿಂದ ಹತ್ತನೆಯ ಇಯತ್ತೆಯ ಪುಸ್ತಕ ತಂದು, ದಿನಾ ಸಂಜೆ ಅವ್ವನಿಗೆ ಹೇಳಿದೆ ಅಂದಳು. ದೇವವ್ವ ಅಂಗಳದಲ್ಲಿ ಮೊರದಲ್ಲಿ ಜೋಳ ಹಸನ ಮಾಡುತ್ತಿದ್ದಳು. ಮಗಳಿಗಿಂತ ಹೆಚ್ಚು ಸಲ ಯಾಕೆ ಅಂತ ಕೇಳುವವಳು ಅವಳೇ ಅಂತೆ. ಸಾಬೂನಿಗೆ ಯಾಕೆ ನೊರೆ ಬರುತ್ತದೆ, ಉಪ್ಪುನೀರಿನ ಬಾವಿಯಲ್ಲಿ ಯಾಕೆ ಬರುವುದಿಲ್ಲ, ರಕ್ತ ಕಡಿಮೆ ಇದ್ದವರಿಗೆ ದವಾಖಾನೆಯಲ್ಲಿ ಕಬ್ಬಿಣದ ಗುಳಿಗೆ ಯಾಕೆ ಕೊಡುತ್ತಾರೆ. ಅನಿತಾ ಉತ್ತರ ಸಿಗದೆ ಒದ್ದಾಡಿದ ರಾತ್ರಿಗಳೂ ಇದ್ದವಂತೆ.

ಮೇನ್ಸ್‌ಗೆ ಇದೆಲ್ಲ ಇನ್ನೂ ಆಳವಾಗಿ ಬೇಕು, ತಂದೀಯಲ್ಲ, ಕೂಡು, ಹೇಳು ಅಂದಳು ಅನಿತಾ. ಎಂದಿನ ಹಾಗೆ ಎದುರಾ ಬದುರಾ ಕೂತೆವು. ನೋಟ್‌ಬುಕ್ಕು ಮುಚ್ಚಿಟ್ಟು, ಪರೀಕ್ಷೆಯಲ್ಲಿ ತಪ್ಪಿದ್ದರಿಂದಲೇ ಶುರು ಮಾಡಿದೆ. ಬೇಳೆಕಾಳಿನ ಗಿಡದ ಬೇರಿನ ಗಂಟುಗಳಲ್ಲಿ ಬ್ಯಾಕ್ಟೀರಿಯಾ ಇರುತ್ತವೆ, ಅವು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ. ಅನಿತಾ ಯಾಕೆ ಅಂದಳು. ಗಿಡ ತಾನೇ ನೇರವಾಗಿ ಗಾಳಿಯಿಂದ ಹಿಡಿಯಲಾರದು ಅಂದೆ. ಬ್ಯಾಕ್ಟೀರಿಯಾ ಪುಕ್ಕಟೆ ಯಾಕೆ ಕೊಡುತ್ತವೆ, ಅವುಗಳಿಗೇನು ಸಿಗುತ್ತದೆ ಅಂದಳು. ನಾನು ತಡವರಿಸಿದೆ. ಆ ಪುಟ ಕಣ್ಣ ಮುಂದೆ ಬಂತು. ಎಡಗಡೆ, ಹಸಿರು ಬಣ್ಣ, ಕೆಳಗೊಂದು ಚಂದದ ಚಿತ್ರ. ಅಷ್ಟೇ.

ದೇವವ್ವ ಮೊರ ಕೆಳಗಿಟ್ಟು ಎದ್ದಳು. ಮನೆಯ ಹಿಂದೆಯೇ ನಮ್ಮ ಹೊಲ, ಕಡಲೆ ಹೂ ಬಿಟ್ಟು ನಿಂತಿತ್ತು. ಹೋಗಿ ಒಂದು ಗಿಡವನ್ನು ಮಣ್ಣು ಸಮೇತ ಮೆಲ್ಲಗೆ ಎತ್ತಿಕೊಂಡು ಬಂದಳು. ಬೇರಿನ ಮಣ್ಣು ಕೊಡವಿ, ಅಂಟಿದ್ದ ಒಂದು ಸಣ್ಣ ಗಂಟನ್ನು ಉಗುರಿನಿಂದ ಸೀಳಿ ನನ್ನ ಅಂಗೈಯಲ್ಲಿ ಇಟ್ಟಳು. ಒಳಗೆ ಗುಲಾಬಿ ಬಣ್ಣವಿತ್ತು. ಇಪ್ಪತ್ತಾರು ವರ್ಷದಲ್ಲಿ ನಮ್ಮ ಹೊಲದ ಗಿಡವೊಂದರ ಬೇರನ್ನು ನಾನು ನೋಡಿದ್ದು ಅದೇ ಮೊದಲು.

"ಗಿಡ ಇವಕ್ಕ ಸಕ್ಕರಿ ಕೊಡ್ತೈತ್ರಿ, ಇವು ಗಿಡಕ್ಕ ಗೊಬ್ಬರ ಕೊಡ್ತಾವು," ಅಂದಳು ದೇವವ್ವ. "ಯಾರರ ಒಬ್ರು ಕೊಡೂದು ಬಿಟ್ರ ಗಂಟು ಒಳಗ ಹಸರಾಗಿ ಕೊಳಿತೈತಿ. ಗಿಡಾನೂ ಬಡವಾಗ್ತೈತಿ, ಇವೂ ಸಾಯ್ತಾವು."

ಅವಳು ನನ್ನನ್ನು ಚುಚ್ಚಲು ಹೇಳಿದ್ದಲ್ಲ. ನಾವು ಬಾಗಿಲಲ್ಲಿ ಆಡಿದ್ದು ಅವಳಿಗೆ ಕೇಳಿಸಿರಲೂ ಇಲ್ಲ. ಮಗಳು ಕಲಿಸಿದ್ದಕ್ಕೆ ತಾನು ಹೊಲದಲ್ಲಿ ಕಂಡದ್ದನ್ನು ಸೇರಿಸಿ ಪಾಠ ಒಪ್ಪಿಸಿದ್ದಳು ಅಷ್ಟೇ, ಸರಿಯಾಯಿತೋ ಇಲ್ಲವೋ ಅಂತ ಅನಿತಾಳ ಮುಖ ನೋಡುತ್ತಿದ್ದಳು. ಅನಿತಾ ಸರಿಯಾಗಿದೆ ಅಂತ ಗೋಣು ಹಾಕಿದಳು. ಆ ಗಂಟನ್ನು ಅಂಗೈಯಲ್ಲಿ ಹಿಡಿದುಕೊಂಡು, ಇನ್ನೊಮ್ಮೆ ಮೊದಲಿನಿಂದ ಹೇಳು ಅಂತ ದೇವವ್ವನನ್ನು ಕೇಳಿದೆ.